ಗಿಳಿಹಸಿರು ಕೇಬಲ್ ಟ್ರೇ

ನನಗೆ ಹೊಟ್ಟೆಕಿಚ್ಚು ಎಂಬುದೇ ಗೊತ್ತಿಲ್ಲ. ಈ ಮಾತನ್ನು ಬೇರೆ ಯಾರಾದರೂ ಹೇಳಲಿ ಎಂದು ಎಷ್ಟೋ ವರ್ಷ ಕಾದೆ. ಯಾರೂ ಹೇಳದ ಕಾರಣ ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ. ನನ್ನ ಷಡ್ಡಕ ಲೋಕೇಶನನ್ನು, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನನ್ನು ಕಂಡಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಏನೋ ಉರಿದಂತಾಗುತ್ತಿದ್ದದ್ದು ನಿಜ. ಆದರೆ ಅದು ಗ್ಯಾಸ್ಟ್ರಿಕ್. ಡಾಕ್ಟರ ಹತ್ತಿರವೂ ಹಾಗೆಂದೇ ಹೇಳಿ ಮಾತ್ರೆ ಬರೆಸಿಕೊಂಡು ಬಂದಿದ್ದೆ.

ಎಲ್ಲ ಶುರುವಾಗಿದ್ದು ಕೋಳಿ ತೊಡೆಯಿಂದ. ನನ್ನ ಮಾವ ಮುನಿಯಪ್ಪನವರದು ಕುಂದಲಹಳ್ಳಿಯ ಹಳೇ ಮನೆತನ. ಆ ಮನೆಯಲ್ಲಿ ಮುದ್ದೆ, ನಾಟಿ ಕೋಳಿ ಸಾರು ಎಂದರೆ ಅದಕ್ಕೊಂದು ಸಂವಿಧಾನವಿದೆ: ತೊಡೆ ಎರಡೂ ಅಳಿಯನ ತಟ್ಟೆಗೆ. ಆ ಮನೆಗೆ ನಾನು ಬಹಳ ಕಾಲ ಒಬ್ಬನೇ ಅಳಿಯನಾಗಿದ್ದೆ. ಅದು ನನ್ನ ಬದುಕಿನ ಸುವರ್ಣಯುಗ. ಆಮೇಲೆ ನಾದಿನಿ ನೇತ್ರಾಳ ಮದುವೆಯಾಯಿತು, ಲೋಕೇಶ ಬಂದ. ಒಂದು ತೊಡೆ ನನಗೆ, ಒಂದು ಅವನಿಗೆ ಎಂದಾಯಿತು. ಹೊಸ ಅಳಿಯ, ತಿನ್ನಲಿ ಪಾಪ ಅಂದುಕೊಂಡೆ. ಆದರೆ ಒಂದು ಭಾನುವಾರ ನೋಡುತ್ತೇನೆ, ಎರಡೂ ತೊಡೆ ಅವನ ತಟ್ಟೆಯಲ್ಲಿ ಕೂತಿವೆ. ನನ್ನ ತಟ್ಟೆಯಲ್ಲಿ ಕತ್ತಿನ ಮೂಳೆ!

"ಬೇಜಾರ್ ಮಾಡ್ಕಬ್ಯಾಡಿ ಅಳಿಯಂದ್ರೇ," ಎಂದರು ಅತ್ತೆ ಗೌರಮ್ಮ. "ಅವ್ರು ವೈಟ್‌ಫೀಲ್ಡಾಗೆ ಎಲೆಕ್ಟ್ರಿಕಲ್ ಇಂಜಿನಿಯರ್ರು. ದಿನಾ ದೊಡ್ ದೊಡ್ ಬಿಲ್ಡಿಂಗು ಅತ್ತಿ ಇಳೀತಾರೆ. ಕಾಲಿಗೆ ಸಕ್ತಿ ಬ್ಯಾಡ್ವಾ?"

"ನಾನೂ ಎಲೆಕ್ಟ್ರಿಕಲ್ಲೇ ಅಲ್ವಾ ಅತ್ತೆ!"

"ನಿಮ್ದು ಕುಂತ್ಕಂಡ್ ಮಾಡೋ ಕೆಲ್ಸ," ಎಂದುಬಿಟ್ಟರು.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್. ಮೋಟಾರು ಸುಟ್ಟರೆ, ಸ್ವಿಚ್ಚು ಕಚ್ಚಿಕೊಂಡರೆ, ನನ್ನನ್ನೇ ಕರೆಯುತ್ತಾರೆ. ಕುಂತುಕೊಂಡು ಮಾಡುವ ಕೆಲಸವಂತೆ! ಅಂದು ಬಾಗಲಗುಂಟೆಯ ನಮ್ಮ ಮನೆಗೆ ವಾಪಸು ಬರುವಾಗ, ಪೀಣ್ಯದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಆ ಧೂಳಿನಲ್ಲಿ, ಸ್ಕೂಟರ್ ಹಿಂದೆ ಕೂತ ಹೆಂಡತಿ ಸುಜಾತಳಿಗೆ ದಾರಿಯುದ್ದಕ್ಕೂ ಇದನ್ನೇ ಹೇಳಿದೆ.

"ಒಂದು ಕೋಳಿ ಕಾಲಿಗೆ ಇಷ್ಟೊಂದು ಹೊಟ್ಟೆ ಉರ್ಕೋತೀರಲ್ರೀ, ನಾಚ್ಕೆ ಆಗಲ್ವಾ?" ಎಂದಳು.

"ಎರಡು ಕಾಲು ಕಣೇ," ಎಂದು ತಿದ್ದಿದೆ.

ಹೀಗಿರುವಾಗ ಮಾವನವರು ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ನಾಲ್ಕು ಮಹಡಿಯ ಕಟ್ಟಡ ಎಬ್ಬಿಸಿದರು. ಪೂರ್ತಿ ಕಟ್ಟಡಕ್ಕೆ ಒಂದು ಸಾಫ್ಟ್‌ವೇರ್ ಕಂಪನಿ ಬಾಡಿಗೆಗೆ ಬರುತ್ತಿತ್ತು. ಕಟ್ಟಡಕ್ಕೆ ಎರಡು ಮಗ್ಗುಲು, ಪೂರ್ವದ್ದೊಂದು, ಪಶ್ಚಿಮದ್ದೊಂದು. ಎರಡಕ್ಕೂ ಬೇರೆ ಬೇರೆ ಕರೆಂಟ್ ಲೈನು. ಒಂದು ದಿನ ಮಾವ ನಮ್ಮಿಬ್ಬರನ್ನೂ ಕೂರಿಸಿಕೊಂಡು ತೀರ್ಪು ಕೊಟ್ಟರು.

"ಇಬ್ರು ಅಳಿಯಂದ್ರೂ ಕರೆಂಟಿನೋರು. ಕಂಟ್ರಾಕ್ಟರು ಕೆಲ್ಸ ಮಾಡ್ಲಿ, ಮೇಲುಸ್ತುವಾರಿ ನಿಮ್ದು. ಮೂಡ್ಲ ಕಡೀದು ದೊಡ್ಡೋರು ನೋಡ್ಕಳಿ, ಪಡುವ್ಲ ಕಡೀದು ಚಿಕ್ಕೋರು ನೋಡ್ಕಳಿ. ಯಾರ್ದು ಚೆಂದಾಗಿರ್ತದೋ, ಪೂಜೆ ದಿನ ಅವ್ರೇ ಮೇನ್ ಸ್ವಿಚ್ ಆಕ್ಬೇಕು. ಪೇಟ, ಶಾಲು ಅವ್ರಿಗೇಯ."

ಊರಿನ ಹಿರಿಯರು, ಹೊಸಕೋಟೆ ಕಡೆಯ ನೆಂಟರು, ಕಂಪನಿಯ ಮ್ಯಾನೇಜರು, ಎಲ್ಲರ ಎದುರು ಸ್ವಿಚ್ ಹಾಕುವವನೇ ಆ ಮನೆಯ ಮುಖ್ಯ ಅಳಿಯ. ಪೂಜೆಯ ದಿನ ಸಿಹಿಯೂಟ, ಮಾರನೆಯ ದಿನ ಬಾಡೂಟ. ಮುಖ್ಯ ಅಳಿಯ ಯಾರೆಂದು ಸಾಬೀತಾದ ಮೇಲೆ ತೊಡೆ ಯಾರ ತಟ್ಟೆಗೆ ಬೀಳುತ್ತದೆ ಎಂದು ಬೇರೆ ಹೇಳಬೇಕೇ! ನಾನು ಅಲ್ಲೇ ಮನಸ್ಸಿನಲ್ಲಿ ಪ್ರತಿಜ್ಞೆ ಮಾಡಿದೆ.

ಕೇಬಲ್ ಟ್ರೇ ಎಂದರೆ ಏನು ಎಂದು ತಿಳಿಯದವರಿಗಾಗಿ ಎರಡು ಮಾತು. ಗೋಡೆಯುದ್ದಕ್ಕೂ ಅಡ್ಡಡ್ಡ ಮಲಗಿಸಿದ ಕಬ್ಬಿಣದ ಏಣಿ ಎಂದುಕೊಳ್ಳಿ. ಅದರ ಮೇಲೆ ದಪ್ಪ ದಪ್ಪ ಕೇಬಲ್‌ಗಳು ಮಲಗಿ, ನೆಲಮಹಡಿಯ ಪ್ಯಾನೆಲ್ ರೂಮಿನಿಂದ ಮೇಲಿನ ಮಹಡಿಗಳಿಗೆ ಹೋಗುತ್ತವೆ. ಕರೆಂಟಿನಲ್ಲಿ ಕೆಂಪು, ಹಳದಿ, ನೀಲಿ ಎಂದು ಮೂರು ಫೇಸು, ಜೊತೆಗೆ ಕಪ್ಪು ನ್ಯೂಟ್ರಲ್ಲು. ಇಡೀ ಆಫೀಸಿನ ಎ.ಸಿ., ಕಂಪ್ಯೂಟರ್‌ಗಳ ಭಾರವನ್ನು ಒಂದು ಕೆಂಪು ಕೇಬಲ್ ಒಬ್ಬಂಟಿಯಾಗಿ ಹೊರಲಾರದು. ಅದಕ್ಕೇ ಪ್ರತಿ ಬಣ್ಣಕ್ಕೂ ಮೂರು ಮೂರು ಕೇಬಲ್‌ಗಳನ್ನು ಜೊತೆಯಾಗಿ ಎಳೆಯುತ್ತಾರೆ. ಅವು ಭಾರವನ್ನು ಹಂಚಿಕೊಂಡು ಹೊರುತ್ತವೆ. ಟ್ರೇಗೆ ಅರ್ಥಿಂಗ್ ಕೊಡುತ್ತಾರೆ, ಅಂದರೆ ತಪ್ಪಿ ಕರೆಂಟು ಹರಿದರೆ ಅದು ಮನುಷ್ಯನ ಮೈಮೇಲೆ ಹೋಗದೆ ಸೀದಾ ಭೂಮಿಗೆ ಇಳಿಯುವಂತೆ. ಇಷ್ಟೇ. ಇದರಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನನಗೆ ಗೊತ್ತಿತ್ತು.

ಕೆಲಸ ಶುರು ಮಾಡುವ ಮೊದಲು ಎದುರಾಳಿಯ ಮಗ್ಗುಲಿಗೆ ಹೋಗಿ ಒಂದು ಸುತ್ತು ಹಾಕಿ ಬಂದೆ. ಲೋಕೇಶ ಒಂದು ಕೆಂಪು, ಒಂದು ಹಳದಿ, ಒಂದು ನೀಲಿ ಕೇಬಲನ್ನು ತ್ರಿಕೋನವಾಗಿ ಸೇರಿಸಿ, ಕಪ್ಪನ್ನು ಪಕ್ಕಕ್ಕಿಟ್ಟು, ಕಟ್ಟು ಕಟ್ಟಿದ್ದ. ಅಂಥ ಮೂರು ಕಟ್ಟು. ನನಗೆ ನಗು ತಡೆಯಲಾಗಲಿಲ್ಲ. ಬಣ್ಣ ಬಣ್ಣ ಕಲಸಿ ಚಿತ್ರಾನ್ನ ಮಾಡಿಟ್ಟಿದ್ದಾನೆ! ಇವನನ್ನು ಇಂಜಿನಿಯರ್ ಎಂದವರು ಯಾರು?

ಆದರೆ ಅವನ ಟ್ರೇಯ ಪಕ್ಕದಲ್ಲೇ ತಾಮ್ರದ ಅರ್ಥಿಂಗ್ ಪಟ್ಟಿಯೊಂದು ಹೋಗಿತ್ತು. ಟ್ರೇಯ ತುಂಡು ತುಂಡು ಸೇರುವಲ್ಲೆಲ್ಲ ತಾಮ್ರದ ಚಿಕ್ಕ ಸೇತುವೆ. ಬೆಳಕು ಬಿದ್ದರೆ ಪಳಪಳ! ಅದನ್ನು ನೋಡಿದಾಗ ಮಾತ್ರ ಗ್ಯಾಸ್ಟ್ರಿಕ್ ಶುರುವಾಯಿತು. ಪಕ್ಕದಲ್ಲಿ ನಿಂತಿದ್ದ ಅತ್ತೆ ಬೇರೆ, "ನೋಡಿ, ಒಡವೆ ಇಕ್ಕಿದಂಗೆ ಅದೆ," ಎಂದು ಉರಿಗೆ ತುಪ್ಪ ಸುರಿದರು.

ಮಾರನೆಯ ದಿನವೇ ಕಂಟ್ರಾಕ್ಟರನನ್ನು ಕರೆದು ನನ್ನ ಯೋಜನೆಯನ್ನು ಮಂಡಿಸಿದೆ. "ನನ್ನ ಕಡೆ ಮೂರು ಟ್ರೇ ಬೇಕು, ಒಂದರ ಕೆಳಗೊಂದು. ಮೇಲಿನದರಲ್ಲಿ ಕೆಂಪು ಮೂರೂ ಒಟ್ಟಿಗೆ. ನಡುವಿನದರಲ್ಲಿ ಹಳದಿ. ಕೆಳಗಿನದರಲ್ಲಿ ನೀಲಿ. ಕಪ್ಪು ಆಚೆ ಮೂಲೆಯಲ್ಲಿ. ದೇವಸ್ಥಾನದಲ್ಲಿ ಗಂಡಸರ ಸಾಲು, ಹೆಂಗಸರ ಸಾಲು ಇರಲ್ವಾ, ಹಾಗೆ ಶಿಸ್ತಾಗಿರ್ಬೇಕು."

ಕಂಟ್ರಾಕ್ಟರ್ ತಲೆ ಕೆರೆದುಕೊಂಡ. "ಸಾರ್, ಡ್ರಾಯಿಂಗಲ್ಲಿ ಹೀಗಿಲ್ವಲ್ಲ?"

"ಡ್ರಾಯಿಂಗ್ ಮಾಡಿದವ್ರು ಓನರ್ ಅಳಿಯನಾ, ನಾನು ಓನರ್ ಅಳಿಯನಾ?"

"ನೀವೇ ಸಾರ್," ಎಂದು ಒಪ್ಪಿಕೊಂಡ. ಬಿಲ್ಲು ಪಾಸಾಗಬೇಕಾದವನು ಇನ್ನೇನು ತಾನೇ ಹೇಳುತ್ತಾನೆ! ಕುಂದಲಹಳ್ಳಿಯಲ್ಲಿ ವಿದ್ಯುತ್ ನಿಯಮಗಳು ಎಷ್ಟೇ ಇದ್ದರೂ ಅಳಿಯನ ಮಾತು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ.

ಆಮೇಲೆ ಬಣ್ಣದ ವಿಷಯ. ಲೋಕೇಶನ ತಾಮ್ರದ ಹೊಳಪನ್ನು ಹೊಡೆದುಹಾಕಬೇಕಿತ್ತು. ಅರ್ಥಿಂಗ್‌ಗೆ ಹಸಿರು ಬಣ್ಣ ಎಂದು ಎಲ್ಲರಿಗೂ ಗೊತ್ತು. ಹಾಗಿದ್ದಮೇಲೆ ಒಂದು ಪಟ್ಟಿ ಮಾತ್ರ ಯಾಕೆ, ಇಡೀ ಟ್ರೇಯೇ ಹಸಿರಾಗಿದ್ದರೆ? ಟ್ರೇಯ ತುಂಡುಗಳನ್ನೆಲ್ಲ ಕೆಳಗಿಳಿಸಿ, ತುದಿ, ಮೂಲೆ, ಕೀಲು, ಬೋಲ್ಟಿನ ತೂತು, ಒಂದನ್ನೂ ಬಿಡದೆ ಗಿಳಿಹಸಿರು ಎನಾಮೆಲ್ ಪೇಂಟು ಹೊಡೆಸಿದೆ. ಒಂದು ಕೋಟು ಸಾಲದೆಂದು ಇನ್ನೊಂದು. ಒಣಗಿದ ಮೇಲೆ ಜೋಡಿಸಿ, ಆ ಪೇಂಟಿನ ಮೇಲೆಯೇ ತಾಮ್ರದ ಸೇತುವೆಗಳನ್ನು ಬಿಗಿಸಿದೆವು. ನೋಡಲು ಮದುವೆ ಚಪ್ಪರದಂತಿತ್ತು.

ಕೆಂಪು ಕೇಬಲ್‌ಗಳಲ್ಲಿ ಒಂದು ಮಾತ್ರ ಒಂದು ಮಾರು ಗಿಡ್ಡ ಬಂತು. ಉಳಿದೆರಡು ಮೂಲೆ ಬಳಸಿ ಹೋಗುತ್ತಿದ್ದವು. ಹೊಸದು ತರಿಸೋಣ ಎಂದ ಕಂಟ್ರಾಕ್ಟರ್. ತರಿಸುವಷ್ಟರಲ್ಲಿ ಲೋಕೇಶನ ಕೆಲಸ ಮೊದಲು ಮುಗಿದುಬಿಟ್ಟರೆ? "ಇದನ್ನ ಸೀದಾ ಎಳೀರಿ," ಎಂದೆ. ಅದೊಂದನ್ನು ಅಡ್ಡದಾರಿಯಲ್ಲಿ ಎಳೆದು ಮೇನ್ ಸ್ವಿಚ್ಚಿನ ಬಾಕ್ಸಿಗೆ ಮುಟ್ಟಿಸಿದೆವು. ಬುದ್ಧಿವಂತಿಕೆ ಎಂದರೆ ಇದು ಎಂದು ನನಗೇ ನನ್ನ ಮೇಲೆ ಗೌರವ ಹುಟ್ಟಿತು.

ಲೋಕೇಶ ಆವತ್ತು ಸಂಜೆ ಬಂದು ನನ್ನ ಟ್ರೇಗಳನ್ನು ನೋಡಿದ. ನೋಡುತ್ತಲೇ ಅವನ ಮುಖ ಸಪ್ಪಗಾಯಿತು. ಆಹಾ! ಆ ಮುಖ ನೋಡಲು ನಾನು ಎಷ್ಟು ಭಾನುವಾರ ಕತ್ತಿನ ಮೂಳೆ ಕಡಿದಿದ್ದೆ!

"ಅಣ್ಣ, ಒಂದ್ ಮಾತು. ಮೂರು ಫೇಸೂ ಒಟ್ಟಿಗೇ ಹೋಗ್ಬೇಕಿತ್ತು. ಹಿಂಗ್ ಬೇರೆ ಬೇರೆ ಮಾಡಿದ್ರೆ..."

"ಚೆನ್ನಾಗಿ ಕಾಣ್ತಿದೆ ಅಲ್ವಾ?"

"ಕಾಣೋದು ಚೆನ್ನಾಗೇ ಕಾಣ್ತಿದೆ ಅಣ್ಣ, ಆದ್ರೆ..."

"ಅಷ್ಟು ಸಾಕು ಬಿಡಪ್ಪ," ಎಂದು ಅವನ ಭುಜ ತಟ್ಟಿದೆ. ಮನೆಗೆ ಬಂದು ಸುಜಾತಳಿಗೆ ಹೇಳಿದೆ, "ಪಾಪ ಕಣೇ, ಲೋಕೇಶ ಒಳ್ಳೇ ಹುಡುಗ. ಆದ್ರೆ ಸ್ವಲ್ಪ ಹೊಟ್ಟೆಕಿಚ್ಚು ಜಾಸ್ತಿ."

ಅವಳು ಸೌಟು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸಾರು ತಿರುವಲು ಹೋದಳು.

ಪೂಜೆಗೆ ಇನ್ನೂ ಸಮಯವಿತ್ತು. ಅಷ್ಟರಲ್ಲಿ ಕಂಪನಿಯವರು ತಮ್ಮ ಸಾಮಾನು ತಂದು ಜೋಡಿಸಿ, ಕೆಲವು ಎ.ಸಿ., ದೀಪಗಳನ್ನು ಹಾಕಿ ಪರೀಕ್ಷೆ ಮಾಡತೊಡಗಿದರು. ಕಾರ್ತಿಕ ಮಾಸ. ಮೋಡ, ತುಂತುರು, ಚಳಿ. ಒಂದು ಬೆಳಗ್ಗೆ ನಾನು ಹೋದಾಗ ಅತ್ತೆಯವರ ಬೆಕ್ಕು ಚಿನ್ನಿ ನನ್ನ ನೀಲಿ ಟ್ರೇಯ ಮೇಲೆ, ಅದು ಕಬ್ಬಿಣದ ಬಾಕ್ಸಿಗೆ ಸೇರುವ ಜಾಗದಲ್ಲಿ, ಮುದುರಿಕೊಂಡು ಗೊರಗೊರ ನಿದ್ದೆ ಮಾಡುತ್ತಿತ್ತು.

ಓಡಿಹೋಗಿ ಲೋಕೇಶನ ಟ್ರೇ ನೋಡಿದೆ. ಅಲ್ಲಿ ಒಂದು ಜಿರಲೆಯೂ ಇರಲಿಲ್ಲ! ಮೂಕ ಪ್ರಾಣಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುತ್ತದೆ ನೋಡಿ. ಅದಕ್ಕೇನು ಪಕ್ಷಪಾತವೇ, ಶಿಫಾರಸೇ? ನೇತ್ರಾಳನ್ನು ಕರೆದು ತೋರಿಸಿದೆ.

"ಅದು ಬೆಚ್ಚಗಿದೆ ಅಂತ ಮಲ್ಗಿದೆ ಭಾವ," ಎಂದಳು ಅವಳು.

"ನಿನ್ನ ಗಂಡನ ಟ್ರೇ ಯಾಕೆ ಬೆಚ್ಚಗಿಲ್ಲ ಹಾಗಾದ್ರೆ?" ಎಂದು ಕೇಳಿದೆ. ಅವಳು ಹಣೆ ಚಚ್ಚಿಕೊಂಡು ಹೊರಟುಹೋದಳು. ಗೆದ್ದೆ! ಈ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡಿದ್ದರೆ ಈ ಬರಹ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಅತ್ತೆಯವರಿಗೂ ನನ್ನ ಟ್ರೇಯ ಮಹಿಮೆ ತಿಳಿಯಿತು. ಬಿಸಿಲಿಲ್ಲದೆ ಹಸಿಯಾಗಿಯೇ ಉಳಿದಿದ್ದ ಅಕ್ಕಿ ಸಂಡಿಗೆಯನ್ನು ಮೊರದಲ್ಲಿ ಹರಡಿ, ಮೆಟ್ಟಿಲ ತಿರುವಿನಲ್ಲಿ ಕೈಗೆಟಕುವಂತಿದ್ದ ಟ್ರೇಯ ಮೇಲೆ ಇಟ್ಟರು. ಸಂಜೆಗೆಲ್ಲ ಗರಿಗರಿ! "ದೊಡ್ಡಳಿಯಂದ್ರ ಕೈಗುಣ," ಎಂದರು ಅತ್ತೆ. ಅವರ ಬಾಯಲ್ಲಿ ಆ ಮಾತು ಕೇಳಿ ನನ್ನ ಕಣ್ಣು ಒದ್ದೆಯಾಯಿತು.

ನೆಲ ಒರೆಸಿದ ಒಂದು ಬೆಳಗ್ಗೆ ಅತ್ತೆ ಬರಿಗಾಲಿನಲ್ಲಿ ಬಂದು ಮೊರ ತೆಗೆಯಲು ಟ್ರೇ ಮುಟ್ಟಿದರು. ಮುಟ್ಟಿದವರೇ "ಹಾ!" ಎಂದು ಕೈ ಎಳೆದುಕೊಂಡರು. ಮತ್ತೆ ಮುಟ್ಟಿದರು. ಮತ್ತೆ "ಹಾ!" ಎಂದರು. ಶಾಕ್ ಹೊಡೆಯುತ್ತಿದೆ ಎಂದು ನನಗೆ ತಕ್ಷಣ ತಿಳಿಯಿತು. ಆದರೆ ಅತ್ತೆಯವರ ಮುಖದಲ್ಲಿ ಭಕ್ತಿ.

"ಜುಮ್ಮಂತದೆ ಕಣಪ್ಪಾ! ಅಮ್ಮನೋರು ಬಂದವ್ಳೆ ಇದ್ರಾಗೆ!"

ಇಲ್ಲಿ ಒಬ್ಬ ಪ್ರಾಮಾಣಿಕ ಎಲೆಕ್ಟ್ರಿಕಲ್ ಮನುಷ್ಯ ಏನು ಮಾಡಬೇಕು? ಮೇನ್ ಆಫ್ ಮಾಡಿ, ಅರ್ಥಿಂಗ್ ಎಲ್ಲಿ ತಪ್ಪಿದೆ ಎಂದು ಹುಡುಕಬೇಕು. ನನಗೂ ಅದು ತಲೆಗೆ ಬಂತು. ಆದರೆ ಹುಡುಕಲು ಹೊರಟರೆ ಲೋಕೇಶನಿಗೆ ಗೊತ್ತಾಗುತ್ತದೆ. "ಏನಣ್ಣ, ತೊಂದ್ರೆನಾ?" ಎಂದು ಕೇಳುತ್ತಾನೆ. ಆ "ಏನಣ್ಣ" ಕೇಳುವುದಕ್ಕಿಂತ ಅಮ್ಮನವರೇ ಬಂದಿರಲಿ ಎಂದುಕೊಂಡು ಅತ್ತೆಯವರಿಗೆ ಒಂದು ಮರದ ಸ್ಟೂಲು, ಒಂದು ಜೊತೆ ರಬ್ಬರ್ ಚಪ್ಪಲಿ ತಂದುಕೊಟ್ಟೆ. ಮುಟ್ಟುವುದಾದರೆ ಇವುಗಳ ಮೇಲೆ ನಿಂತೇ ಮುಟ್ಟಬೇಕು ಎಂದೆ. ಅಮ್ಮನವರನ್ನು ಚಪ್ಪಲಿ ಹಾಕಿಕೊಂಡು ಮುಟ್ಟುವುದುಂಟೇ ಎಂದು ಅವರು ಚಪ್ಪಲಿಯನ್ನು ಹೊರಗೇ ಬಿಟ್ಟರು.

ಮಾರನೆಯ ದಿನ ಟ್ರೇಗೆ ಅರಿಶಿನ ಕುಂಕುಮ ಬಿದ್ದಿತ್ತು. ಅದರ ಮಾರನೆಯ ದಿನ ನಿಂಬೆಹಣ್ಣು. ಪಕ್ಕದ ಮನೆಯ ಅಕ್ಕಯ್ಯಮ್ಮ ಬಂದು ಮುಟ್ಟಿ, ಜುಮ್ಮೆನಿಸಿಕೊಂಡು, ಮಂಡಿನೋವು ಅರ್ಧ ಹೋಯಿತು ಎಂದು ಊರಿಗೆಲ್ಲ ಸಾರಿದರು. ಆಮೇಲೆ ಕೇಳಬೇಕೇ! ಬೆಳಗಾದರೆ ಮಂಡಿ ಹಿಡಿದುಕೊಂಡ ಅಜ್ಜಿಯರು ಮೆಟ್ಟಿಲ ತಿರುವಿನಲ್ಲಿ ಸಾಲು. ನಾನು ಒಳಗೊಳಗೇ ಬೆವರುತ್ತಿದ್ದೆ. ಯಾರಿಗಾದರೂ ಏನಾದರೂ ಆದರೆ ಎಂಬ ಭಯ ಒಂದು ಕಡೆ. ಆದರೂ, ಲೋಕೇಶನ ಟ್ರೇಗೆ ಯಾರೂ ಒಂದು ಚಿಟಿಕೆ ಕುಂಕುಮವನ್ನೂ ಇಟ್ಟಿಲ್ಲ ಎಂಬ ಸಮಾಧಾನ ಇನ್ನೊಂದು ಕಡೆ. ಕೊನೆಗೆ ಸಮಾಧಾನವೇ ಗೆದ್ದಿತು. ಆದರೂ ಭಯ ಪೂರ್ತಿ ಬಿಡಲಿಲ್ಲ. "ಮಡಿ, ಯಾರೂ ಮುಟ್ಟಬಾರದು" ಎಂದು ಬೋರ್ಡು ಬರೆದು, ಅಡ್ಡಲಾಗಿ ಹಗ್ಗ ಕಟ್ಟಿಸಿ ಅಜ್ಜಿಯರನ್ನು ಮನೆಗೆ ಕಳಿಸಿದೆ.

ಪೂಜೆಯ ದಿನ ಬಂತು. ಮಾವ ಬಿಳಿ ಪಂಚೆ ಉಟ್ಟು, ಎರಡೂ ಮಗ್ಗುಲಿಗೆ ಗಂಭೀರವಾಗಿ ಹೋಗಿ ಬಂದರು. ಲೋಕೇಶನ ಕಟ್ಟುಗಳನ್ನು ನೋಡಿ, "ಇದೇನಪ್ಪ, ಬಣ್ಣ ಎಲ್ಲಾ ಕಲ್ಸಾಕಿದೀಯ?" ಎಂದರು. ನನ್ನ ಗಿಳಿಹಸಿರು ಟ್ರೇಗಳ ಎದುರು ನಿಂತು, ಕುಂಕುಮ ನೋಡಿ, ನಿಂಬೆಹಣ್ಣು ನೋಡಿ, ಕೈ ಮುಗಿದರು.

"ದೊಡ್ಡಳಿಯಂದ್ರೇ ಸ್ವಿಚ್ ಆಕ್ಲಿ!"

ಪೇಟ ನನ್ನ ತಲೆಗೆ ಏರಿತು, ಶಾಲು ಹೆಗಲಿಗೆ ಬಿತ್ತು. ಪೂಜೆಗೆಂದು ಆಗಷ್ಟೇ ಆಫ್ ಮಾಡಿದ್ದ ಮೇನ್ ಸ್ವಿಚ್ಚಿನ ಎದುರು ಊರೇ ಸೇರಿತ್ತು. ಬಾಕ್ಸಿನ ತಗಡಿಗೆ, ಕೇಬಲ್‌ಗಳು ಒಂದೊಂದು ತೂತಿನಿಂದ ಒಳಗೆ ಹೋಗುವ ಆ ಕಬ್ಬಿಣದ ತಗಡಿಗೆ, ಮಾವಿನ ತೋರಣ, ಮಲ್ಲಿಗೆ ಹಾರ. ಅದರ ಪಕ್ಕ ಟ್ರೇ ಮೇಲೆ ಎಂದಿನಂತೆ ಚಿನ್ನಿ ನಿದ್ದೆಯಲ್ಲಿತ್ತು. ನಾನು ಲೋಕೇಶನ ಮುಖ ಹುಡುಕಿದೆ. ಅದು ಬಾಡಿರಬೇಕು ಎಂಬುದೇ ಆ ದಿನದ ನನ್ನ ಮುಖ್ಯ ಆಸೆ. ಅವನು ಜನರ ನಡುವೆ ನುಸುಳಿಕೊಂಡು ನನ್ನ ಕಿವಿಯ ಹತ್ತಿರ ಬಂದ.

"ಅಣ್ಣ, ಒಂದೇ ಸಲ ಫುಲ್ ಲೋಡ್ ಬೇಡ. ಕೈ ಮುಗೀತೀನಿ. ಬರೀ ಲೈಟ್ ಹಾಕ್ಸಿ ಸಾಕು."

"ಅರ್ಧ ಲೋಡ್ ಹಾಕೋಕೆ ನಾನೇನು ಅರ್ಧ ಅಳಿಯನಾ?" ಎಂದು ಹೇಳಿ, ಎಲ್ಲ ಮಹಡಿಗಳಲ್ಲೂ ಎಲ್ಲವನ್ನೂ ಆನ್ ಮಾಡಿಡಲು ಆಜ್ಞಾಪಿಸಿ, ದೇವರನ್ನು ನೆನೆದು ಸ್ವಿಚ್ ಎತ್ತಿದೆ.

ದೀಪಗಳು ಬೆಳಗಿದವು! ಎ.ಸಿ.ಗಳು ಗುಂಯ್ ಎಂದವು! ಚಪ್ಪಾಳೆ! ಕಂಪನಿಯ ಮ್ಯಾನೇಜರು ನನ್ನ ಕೈ ಕುಲುಕಿದರು. ಹೊಸಕೋಟೆಯ ನೆಂಟರು, "ಪೀಣ್ಯದ ಅಳಿಯ ಅಂದ್ರೆ ಇವ್ರೇನಾ?" ಎಂದು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕೇಸರಿಬಾತು ಹಂಚಿದರು. ನಾನು ಪೇಟ ಧರಿಸಿಯೇ ಬಾಕ್ಸಿನ ಪಕ್ಕ ನಿಂತು, ಬಂದವರಿಗೆಲ್ಲ ಬಣ್ಣಗಳನ್ನು ಬೇರ್ಪಡಿಸಿದ ನನ್ನ ಶಿಸ್ತಿನ ಬಗ್ಗೆ ವಿವರಿಸುತ್ತಿದ್ದೆ.

ಕೇಸರಿಬಾತು ಮುಗಿಯುವಷ್ಟರಲ್ಲಿ ಏನೋ ವಾಸನೆ. ಪುರೋಹಿತರು ಮೂಗು ಅರಳಿಸಿದರು.

"ಯಾವ ಧೂಪ ಹಾಕಿದ್ದೀರಿ?"

"ಸ್ಪೆಷಲ್ ಧೂಪ ಸ್ವಾಮಿ," ಎಂದೆ. ಎನ್ನುತ್ತಲೇ ತೋರಣದ ಕಡೆ ನೋಡಿದೆ. ಮಾವಿನೆಲೆ ಹಪ್ಪಳದಂತೆ ಸುರುಟಿಕೊಳ್ಳುತ್ತಿತ್ತು. ಮಲ್ಲಿಗೆ ಕಂದು ಬಣ್ಣಕ್ಕೆ ತಿರುಗಿತ್ತು. ನನ್ನ ಗಿಳಿಹಸಿರು ಪೇಂಟು ಗುಳ್ಳೆ ಗುಳ್ಳೆಯಾಗಿ ಏಳುತ್ತಿತ್ತು. ಕೇಬಲ್ ಹೊಕ್ಕ ಆ ತಗಡು ದೋಸೆ ಕಾವಲಿಯಾಗಿತ್ತು!

ಅಷ್ಟರಲ್ಲಿ ಚಿನ್ನಿಗೆ ಎಚ್ಚರವಾಯಿತು. ಎದ್ದು ಮೈ ಮುರಿಯಲೆಂದು ಒಂದು ಕಾಲು ಚಾಚಿ ತಗಡಿನ ಮೇಲೆ ಇಟ್ಟಿತು. ಅದು ಕಿರುಚಿದ ಕಿರುಚಾಟಕ್ಕೆ ವಾದ್ಯದವರು ನುಡಿಸುವುದನ್ನು ನಿಲ್ಲಿಸಿದರು. ಬೆಕ್ಕು ಅಲ್ಲಿಂದ ಹಾರಿ ನೇರ ನನ್ನ ತಲೆಗೆ ಬಂತು. ಪೇಟಕ್ಕೆ ಉಗುರು ಸಿಕ್ಕಿಕೊಂಡಿತು. ನಾನು "ಅಯ್ಯೋ!" ಎಂದು ತಲೆ ಕೊಡವಿದೆ. ಚಿನ್ನಿ ಪೇಟದ ಸಮೇತ ಕೆಳಗೆ ಬಿದ್ದು, ಹೊಸಕೋಟೆಯ ನೆಂಟರ ಕಾಲುಗಳ ನಡುವಿನಿಂದ, ಹಿಂದೆ ಜರಿಯಂಚನ್ನು ಎಳೆದುಕೊಂಡು ಪರಾರಿಯಾಯಿತು. ಅದೇ ಹೊತ್ತಿಗೆ ಬಾಕ್ಸಿನೊಳಗೆ "ಢಬ್" ಎಂದಿತು. ದೀಪಗಳು ಆರಿದವು, ಎ.ಸಿ.ಗಳು ನಿಂತವು. ಇಡೀ ಪೂರ್ವದ ಮಗ್ಗುಲು ಮೌನವಾಯಿತು.

ಲೋಕೇಶ ಓಡಿಬಂದು ಮೇನ್ ಎಳೆದು, ಎಲ್ಲರನ್ನೂ ದೂರ ಸರಿಸಿ, ಪರೀಕ್ಷೆ ಮಾಡಿ ನೋಡಿದ. ಅಡ್ಡದಾರಿಯಲ್ಲಿ ಬಂದ ಆ ಗಿಡ್ಡ ಕೆಂಪು ಕೇಬಲಿನ ತುದಿ ಸುಟ್ಟು ಕರಕಲಾಗಿತ್ತು.

"ಏನಪ್ಪಾ ಆಯ್ತು?" ಎಂದರು ಮಾವ.

"ಏನಿಲ್ಲ ಮಾವ. ಮೂರು ಬಣ್ಣ ಒಟ್ಟಿಗೆ ಹೋದ್ರೆ ಒಂದರ ಆಯಸ್ಕಾಂತ ಶಕ್ತೀನ ಇನ್ನೊಂದು ಕಡಿಮೆ ಮಾಡುತ್ತೆ. ಬೇರೆ ಬೇರೆ ಮಾಡಿದ್ರೆ ಸುತ್ತ ಇರೋ ಕಬ್ಬಿಣ ಕಾಯುತ್ತೆ. ಆಮೇಲೆ ಮೂರು ಕೇಬಲ್ಲೂ ಒಂದೇ ಉದ್ದ ಇರ್ಬೇಕು. ಗಿಡ್ಡ ಇರೋದು ಎಲ್ಲಾ ಭಾರಾನೂ ತನ್ ಕಡೆಗೇ ಎಳ್ಕೊಳ್ಳುತ್ತೆ. ಸುಟ್ಟೋಗುತ್ತೆ."

"ಮತ್ತೆ ಜುಮ್ಮಂತಿದ್ದಿದ್ದು?" ಎಂದು ಅತ್ತೆ ಕೇಳಿದರು, ಇನ್ನೂ ಆಸೆ ಬಿಡದೆ.

"ಅದು ಅರ್ಥಿಂಗ್ ಇಲ್ದೆ ಅತ್ತೆ. ಕೀಲಿನ ಒಳಗೆಲ್ಲಾ ಪೇಂಟು. ಪೇಂಟ್ ಮೇಲೆ ತಾಮ್ರ ಬಿಗಿದ್ರೆ ಕರೆಂಟು ಭೂಮಿಗೆ ಇಳಿಯೋಕೆ ದಾರೀನೇ ಇರಲ್ಲ."

ಮಾವ ನಿಧಾನವಾಗಿ ನನ್ನ ಕಡೆ ತಿರುಗಿದರು. "ಅಂಗಾರೆ ಇಷ್ಟ್ ದಿನ ನಿಮ್ಮತ್ತೆ ಕುಂಕುಮ ಇಕ್ಕಿದ್ದು ಯಾವ್ ದೇವ್ರಿಗೆ?"

ಗುಂಪಿನಲ್ಲಿ ಅಕ್ಕಯ್ಯಮ್ಮ ತಮ್ಮ ಮಂಡಿಯನ್ನು ಸುಮ್ಮನೆ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದರು. ನೋವು ವಾಪಸು ಬಂದಿರಬೇಕು.

ಪೂಜೆ ಅರ್ಧಕ್ಕೆ ನಿಲ್ಲಬಾರದೆಂದು ಪಶ್ಚಿಮದ ಮಗ್ಗುಲಿನ ಸ್ವಿಚ್ಚನ್ನು ಲೋಕೇಶನ ಕೈಯಲ್ಲಿ ಹಾಕಿಸಿದರು. ನನ್ನ ಹೆಗಲ ಮೇಲಿದ್ದ ಶಾಲನ್ನು ನಾನೇ ತೆಗೆದು ಅವನಿಗೆ ಹೊದಿಸಬೇಕಾಯಿತು. ಅವನ ಚಿತ್ರಾನ್ನದ ಕಟ್ಟುಗಳು ಎಲ್ಲ ಎ.ಸಿ.ಗಳನ್ನೂ ಹೊತ್ತು ಒಂಚೂರೂ ಬಿಸಿಯಾಗಲಿಲ್ಲ. ಅದನ್ನು ಮುಟ್ಟಿ ಮುಟ್ಟಿ ನೋಡಿದವನು ನಾನೊಬ್ಬನೇ. ಎಲ್ಲಾದರೂ ಒಂದು ಕಡೆ ಸ್ವಲ್ಪವಾದರೂ ಬಿಸಿ ಇರಬಾರದೇ ಎಂದು!

ಊಟವಾದ ತಕ್ಷಣ ನನ್ನ ಟ್ರೇಗಳನ್ನು ಬಿಚ್ಚತೊಡಗಿದರು. ಕಂಟ್ರಾಕ್ಟರನ ಕಡೆಯವರು ಕೇಬಲ್‌ಗಳನ್ನು ಕೆಳಗಿಳಿಸಿದರು, ನಾನು ಒಂದು ಮೂಲೆಯಲ್ಲಿ ಕೂತು ಉಪ್ಪುಕಾಗದದಿಂದ ಕೀಲುಗಳ ಪೇಂಟನ್ನು ಉಜ್ಜತೊಡಗಿದೆ. ಕೊನೆಗೂ ಅತ್ತೆ ಹೇಳಿದಂತೆ ಕುಂತುಕೊಂಡು ಮಾಡುವ ಕೆಲಸವೇ ನನಗೆ ಬಂತು. ಲೋಕೇಶ ಶಾಲು ತೆಗೆದಿಟ್ಟು, ನನ್ನ ಪಕ್ಕ ಕೂತು ತಾನೂ ಒಂದು ಕಾಗದ ತೆಗೆದುಕೊಂಡ.

"ಬೇಜಾರ್ ಮಾಡ್ಕೋಬೇಡಿ ಅಣ್ಣ. ಕೆಲ್ಸಕ್ಕೆ ಸೇರಿದ ಹೊಸದ್ರಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಹಿಂಗೇ ಬಣ್ಣ ಬೇರೆ ಬೇರೆ ಮಾಡಿ, ಹಿಂಗೇ ತಗಡು ಸುಟ್ಟಿದ್ದೆ."

ಅವನು ಸಮಾಧಾನಕ್ಕೆ ಹೇಳಿದ ಎಂದು ನನಗೆ ಗೊತ್ತು. ಆದರೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಈ ತಪ್ಪನ್ನಾದರೂ ನಾನು ಮೊದಲು ಮಾಡಿದ್ದೇನೆ ಎಂದುಕೊಂಡಿದ್ದೆ. ತಪ್ಪಿನಲ್ಲೂ ಅವನೇ ಸೀನಿಯರ್!

ಮಾರನೆಯ ದಿನ ಬಾಡೂಟ. ಟ್ರೇ ತಣ್ಣಗಿತ್ತು, ಮನೆಯವರು ನನ್ನ ಜೊತೆ ಅದಕ್ಕಿಂತ ತಣ್ಣಗಿದ್ದರು. ಎಲ್ಲರೂ ಸಾಲಾಗಿ ಕೂತೆವು. ಮುದ್ದೆ ಬಂತು, ಸಾರು ಬಂತು. ಆಮೇಲೆ ಅತ್ತೆ ದೊಡ್ಡ ಸೌಟಿನಲ್ಲಿ ಎರಡು ತೊಡೆ ಹಿಡಿದುಕೊಂಡು ಒಳಗಿನಿಂದ ಬಂದರು. ಒಂದು ಲೋಕೇಶನ ತಟ್ಟೆಗೆ ಬಿತ್ತು. ಸರಿ, ಅದು ಅವನ ಹಕ್ಕು, ಒಪ್ಪಿದೆ. ಇನ್ನೊಂದು ತೊಡೆ ಹೊತ್ತ ಸೌಟು ನನ್ನ ಕಡೆಗೆ ಬರತೊಡಗಿತು.

ನನ್ನ ಕಣ್ಣು ತುಂಬಿತು. ಎಷ್ಟಾದರೂ ಅತ್ತೆಯಲ್ಲವೇ, ಹಿರಿಯ ಅಳಿಯನನ್ನು ಕೈ ಬಿಡುವರೇ? ನಾನು ಮುದ್ದೆಯನ್ನು ಒಂದು ಪಕ್ಕಕ್ಕೆ ಸರಿಸಿ ತಟ್ಟೆಯಲ್ಲಿ ಜಾಗ ಮಾಡಿದೆ. ಸುಜಾತ ನನ್ನನ್ನು ನೋಡಿ ಮುಖ ಆಚೆ ತಿರುಗಿಸಿಕೊಂಡಳು.

ಸೌಟು ನನ್ನ ತಟ್ಟೆ ದಾಟಿ ಮುಂದಕ್ಕೆ ಹೋಯಿತು.

ನನ್ನ ಹಿಂದೆ, ಬಾಗಿಲ ಸಂದಿಯಲ್ಲಿ, ಒಂದು ಕಾಲಿಗೆ ಅರಿಶಿನದ ಬಟ್ಟೆ ಸುತ್ತಿಸಿಕೊಂಡ ಚಿನ್ನಿ ನನ್ನ ಜರಿ ಪೇಟದ ಮೇಲೆ ಆರಾಮವಾಗಿ ಮಲಗಿತ್ತು. ಅತ್ತೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ತೊಡೆಯನ್ನು ಬಿಡಿಸಿ ಬಿಡಿಸಿ ಇಟ್ಟರು.

"ತಿನ್ನವ್ವ. ಪಾಪ, ಕಾಲು ಸುಟ್ಕಂಡೆ. ಬೆಚ್ಚಗೆ ಮಲಗ್ತಿದ್ದ ಜಾಗಾನೂ ಬಿಚ್ಚಾಕ್ಬುಟ್ರು. ಕಾಲಿಗೆ ಸಕ್ತಿ ಬ್ಯಾಡ್ವಾ?"

ನಾನು ಸರಿಸಿದ ಮುದ್ದೆಯನ್ನು ಮತ್ತೆ ತಟ್ಟೆಯ ನಡುವಿಗೆ ಎಳೆದುಕೊಂಡೆ. ಪಕ್ಕದಲ್ಲಿದ್ದ ಲೋಕೇಶ ತನ್ನ ತೊಡೆಯನ್ನು ಮುರಿದು ಅರ್ಧ ನನಗೆ ಕೊಡಲು ಬಂದ. ಬೇಡ ಎಂದೆ. ಅರ್ಧ ತೊಡೆ ತಿನ್ನಲು ನಾನೇನು ಅರ್ಧ ಅಳಿಯನೇ? ಆಮೇಲೆ ಯಾರೂ ನೋಡದ ಸಮಯ ನೋಡಿ ತೆಗೆದುಕೊಂಡೆ.

ಅಂದಿನಿಂದ ನನಗೆ ಲೋಕೇಶನನ್ನು ಕಂಡರೆ ಹೊಟ್ಟೆಯಲ್ಲಿ ಏನೂ ಆಗುವುದಿಲ್ಲ. ಮಾತ್ರೆಯನ್ನೂ ಬಿಟ್ಟಿದ್ದೆ. ಆದರೆ ಕುಂದಲಹಳ್ಳಿಗೆ ಹೋದಾಗ ಆ ಬೆಕ್ಕು ಬಾಲ ಎತ್ತಿಕೊಂಡು ಎದುರಿಗೆ ಬಂದರೆ ಸಾಕು, ನನ್ನ ಗ್ಯಾಸ್ಟ್ರಿಕ್ ಮತ್ತೆ ಶುರುವಾಗುತ್ತದೆ.